ಕೋಳಿ ಬೆಂದಿದೆ ಸರಿ, ಚಾಕು ತೊಳೆದಿರಾ?

"ಫಾರಂ ಕೋಳಿಗೆ ಆಂಟಿಬಯಾಟಿಕ್ ಕೊಡ್ತಾರಂತೆ, ತಿನ್ನಬಹುದಾ ಡಾಕ್ಟ್ರೇ?" ಲ್ಯಾಬ್‌ಗೆ ರಿಪೋರ್ಟ್ ತಗೊಳ್ಳೋಕೆ ಬರುವವರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಎರಡು ವಿಷಯ ಬೆರೆತುಹೋಗಿವೆ. ಮಾಂಸದಲ್ಲಿ ಉಳಿದುಕೊಳ್ಳುವ ಔಷಧಿಯ ಅಂಶ ಒಂದು, ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದು. ನನಗೆ ಜಾಸ್ತಿ ಚಿಂತೆ ಎರಡನೆಯದರದ್ದೇ.

ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡಲು ಲ್ಯಾಬ್‌ನಲ್ಲಿ ನಾವು ಪ್ಲೇಟ್ ಮೇಲೆ ಅದನ್ನು ಹಚ್ಚಿ, ಬೇರೆ ಬೇರೆ ಆಂಟಿಬಯಾಟಿಕ್ ಸವರಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು ರಾತ್ರಿಯಿಡೀ ಬೆಚ್ಚಗೆ ಬಿಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಕಾಣುತ್ತದೆ. ಮಾಡದಿದ್ದರೆ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದು ನಿಂತಿರುತ್ತದೆ. ಕೊಲಿಸ್ಟಿನ್ ಎಂಬ ಔಷಧಿಗೆ ಮಾತ್ರ ಈ ಬಿಲ್ಲೆಯನ್ನು ನಂಬುವ ಹಾಗಿಲ್ಲ, ಅದನ್ನು ದ್ರವದಲ್ಲೇ ಅಳೆದು ನೋಡಬೇಕು.

ಕೊಲಿಸ್ಟಿನ್ ಹಳೆಯ ಔಷಧಿ. ಕಿಡ್ನಿಗೆ ತೊಂದರೆ ಕೊಡುತ್ತದೆ ಎಂದು ಡಾಕ್ಟರುಗಳು ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರು. ಬೇರೆ ಔಷಧಿಗಳೆಲ್ಲ ಸೋಲತೊಡಗಿದಾಗ ಐಸಿಯು ರೋಗಿಗಳಿಗೆ ಮತ್ತೆ ಅದನ್ನೇ ಹಿಡಿಯಬೇಕಾಯಿತು. ಅತ್ತ ಕೋಳಿ, ಹಂದಿ ಬೇಗ ಮೈತುಂಬಲಿ ಅಂತ ಅದನ್ನೇ ಮೇವಿಗೆ ಬೆರೆಸುತ್ತಿದ್ದರು. 2015ರಲ್ಲಿ ಚೀನಾದ ವಿಜ್ಞಾನಿಗಳು ಬ್ಯಾಕ್ಟೀರಿಯಾ ಕೊಲಿಸ್ಟಿನ್‌ಗೆ ಬಗ್ಗದಂತೆ ಮಾಡುವ ಎಂಸಿಆರ್-1 ಎಂಬ ಜೀನ್ ಪತ್ತೆಮಾಡಿದರು. ಅವರು ನೋಡಿದ 523 ಹಸಿ ಮಾಂಸದ ಮಾದರಿಗಳಲ್ಲಿ 78ರಲ್ಲಿ ಅದು ಇತ್ತು. ಆಸ್ಪತ್ರೆಯ ರೋಗಿಗಳಿಂದ ತೆಗೆದ 1,322 ಮಾದರಿಗಳಲ್ಲಿ 16ರಲ್ಲೂ ಸಿಕ್ಕಿತು.

ಈ ಜೀನ್ ಕೂತಿರುವುದು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಯಲ್ಲಿ. ಒಂದು ಬ್ಯಾಕ್ಟೀರಿಯಾ ಅದನ್ನು ಪಕ್ಕದ ಬ್ಯಾಕ್ಟೀರಿಯಾಗೆ ದಾಟಿಸಿಬಿಡುತ್ತದೆ, ಬೇರೆ ಜಾತಿಯದಾದರೂ ಸರಿ. ಹಾಗಾಗಿ ಕೋಳಿಯ ಕರುಳಿನ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ನಮ್ಮ ಹೊಟ್ಟೆಗೆ ಬಂದರೆ ಅವತ್ತೇ ಕಾಯಿಲೆ ಬೀಳಬೇಕೆಂದಿಲ್ಲ. ಸುಮ್ನೆ ಕರುಳಲ್ಲಿ ಉಳಿದು, ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಈ ಜೀನನ್ನೋ ಬೇರೆ ಔಷಧಿಗೆ ಬಗ್ಗದಂತೆ ಮಾಡುವ ಇಂಥದ್ದೇ ಜೀನನ್ನೋ ಕೊಟ್ಟಿರಬಹುದು, ಎಷ್ಟೋ ತಿಂಗಳ ಮೇಲೆ ಉರಿಮೂತ್ರ ಅಂತ ಬಂದಾಗ ಮಾಮೂಲಿ ಮಾತ್ರೆ ಕೆಲಸ ಮಾಡದೇ ಇದ್ದಾಗಲೇ ಅದು ಗೊತ್ತಾಗುವುದು.

ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕೆ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ತುಂಬಾ ಒಳ್ಳೆಯ ಕೆಲಸ. 2017ರಲ್ಲಿ ಚೀನಾ ಅದನ್ನು ಮೇವಿನಿಂದ ತೆಗೆದ ಮೇಲೆ ಹಂದಿಗಳಲ್ಲೂ ಜನರಲ್ಲೂ ಈ ಜೀನ್ ಕಡಿಮೆಯಾಯಿತು. ಆದರೆ ಮೇವಿಗೆ ಹೋಗುವ ಆಂಟಿಬಯಾಟಿಕ್ ಇದೊಂದೇ ಅಲ್ವಲ್ಲ. ಕಾಯಿಲೆ ಇಲ್ಲದ ಕೋಳಿಗೆ ಯಾವ ಆಂಟಿಬಯಾಟಿಕ್ಕೂ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ಅಡುಗೆಮನೆ. ಚೆನ್ನಾಗಿ ಬೆಂದ ಸಾರಿನಲ್ಲಿ ಈ ಬ್ಯಾಕ್ಟೀರಿಯಾ ಬದುಕುವುದಿಲ್ಲ, ಔಷಧಿಗೆ ಬಗ್ಗದ್ದು ಬಿಸಿಗೆ ಸಾಯುತ್ತದೆ. ತೊಂದರೆ ಇರುವುದು ಪಾತ್ರೆ ಒಲೆಗೇರುವ ಮುಂಚೆ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆದಾಗ ಹನಿಗಳು ಪಕ್ಕದ ತಟ್ಟೆ ಲೋಟಕ್ಕೆ ಸಿಡಿಯುತ್ತವೆ. ಅದೇ ಚಾಕು, ಅದೇ ಮಣೆಯಲ್ಲಿ ಈರುಳ್ಳಿ, ಸೌತೆಕಾಯಿ ಹೆಚ್ಚಿ ನಿಂಬೆಹಣ್ಣು ಹಿಂಡಿ ತಿನ್ನುತ್ತೇವೆ. ಅದು ಬೇಯುವುದೇ ಇಲ್ಲ! ಹಸಿ ತಿನ್ನುವುದನ್ನು ಮೊದಲು ಹೆಚ್ಚಿ ಮುಚ್ಚಿಡಿ, ಕೋಳಿ ಆಮೇಲೆ. ಕೈ, ಚಾಕು, ಮಣೆ, ಸಿಂಕ್ ಎಲ್ಲ ಸೋಪು ಹಾಕಿ ತೊಳೆಯಿರಿ.

ಸಸ್ಯಾಹಾರಿಗಳಿಗೂ ಇದು ಅನ್ವಯಿಸುತ್ತದೆ. ಸರಿಯಾಗಿ ಕೊಳೆಯದ ಕೋಳಿಗೊಬ್ಬರ ಹಾಕಿದ, ಚರಂಡಿ ನೀರು ಹರಿದ ಹೊಲದ ಕೊತ್ತಂಬರಿ ಸೊಪ್ಪಿಗೆ ಅಂಟಿಕೊಂಡೂ ಈ ಬ್ಯಾಕ್ಟೀರಿಯಾಗಳು ಬರುತ್ತವೆ. ನಾಟಿ ಕೋಳಿ ಅಂದಮಾತ್ರಕ್ಕೆ ಇವು ಇರುವುದಿಲ್ಲ ಅಂತಲೂ ಅಲ್ಲ.

ಉರಿಮೂತ್ರ ಬಂದರೆ ಮನೆಯಲ್ಲಿ ಉಳಿದಿರುವ ಮಾತ್ರೆ ನುಂಗಬೇಡಿ. ಅದು ಕರುಳಿನ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು ಔಷಧಿಗೆ ಬಗ್ಗದವುಗಳಿಗೆ ಜಾಗ ಮಾಡಿಕೊಡುತ್ತದೆ. ಡಾಕ್ಟರು ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಬರೆದರೆ ಮೊದಲ ಮಾತ್ರೆಗೆ ಮುಂಚೆಯೇ ಮೂತ್ರದ ಸ್ಯಾಂಪಲ್ ಕೊಡಿ, ಒಂದು ಮಾತ್ರೆ ಒಳಗೆ ಹೋದ ಮೇಲೆ ನಮ್ಮ ಪ್ಲೇಟ್‌ನಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ.