ಒಂದೇ ಕೀ, ಇಬ್ಬರು ಹಕ್ಕುದಾರರು

ಗಂಗಾವತಿಯ ಒಂದು ರೈಸ್ ಮಿಲ್ಲಿನ ಕಚೇರಿ ಎಂದುಕೊಳ್ಳಿ. ಕಣ್ಣು ಕಾಣದ ಗುಮಾಸ್ತರೊಬ್ಬರು ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ನೆರವಿನಿಂದ ಎಕ್ಸೆಲ್‌ನಲ್ಲಿ ಭತ್ತದ ಲೆಕ್ಕ ಬರೆಯುತ್ತಾರೆ: ರೈತರ ಹೆಸರು, ಲಾರಿ ನಂಬರು, ಚೀಲ, ತೂಕ, ತೇವಾಂಶ. ಯಾವ ಸಾಲಿನಲ್ಲಿದ್ದರೂ ಆ ರೈತರ ಒಟ್ಟು ಚೀಲ ಎಷ್ಟೆಂದು ಹೇಳುವ ಪುಟ್ಟ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಯಾರೋ ಬರೆದುಕೊಟ್ಟು, ರಾಶಿ ಎಂಬ ನೆನಪಿಗೆ ಅದಕ್ಕೆ ಎನ್‌ವಿಡಿಎ+ಶಿಫ್ಟ್+ಆರ್ ಕೊಟ್ಟರು (ಎನ್‌ವಿಡಿಎ ಕೀ ಎಂದರೆ ಸಾಮಾನ್ಯವಾಗಿ ಇನ್ಸರ್ಟ್). ಒತ್ತಿದರೆ ಮೊತ್ತ ಸರಿಯಾಗಿಯೇ ಕೇಳುತ್ತದೆ. ಆದರೆ ಎಕ್ಸೆಲ್‌ನಲ್ಲಿ ಅದೇ ಕೀಗೆ ಮೊದಲೇ ಒಂದು ಕೆಲಸವಿತ್ತು. ಹೆಸರಿನ ಕಾಲಂ ಅನ್ನು ಸಾಲುಗಳ ಶೀರ್ಷಿಕೆ ಎಂದು ಗುರುತಿಸುವುದು ಅದೇ. ಗುರುತಿಸಿದರೆ ಸಾಲು ಬದಲಾದಾಗಲೆಲ್ಲ ರೈತರ ಹೆಸರು ತಾನಾಗಿ ಕೇಳುತ್ತದೆ. ಹಳೆಯ ಫೈಲಿನಲ್ಲಿ ಆ ಗುರುತು ಉಳಿದಿರುವುದರಿಂದ ತೊಂದರೆ ಕಾಣುವುದಿಲ್ಲ. ಹೊಸ ಹಂಗಾಮಿಗೆ ಹೊಸ ಫೈಲ್ ತೆರೆದಾಗ ಹೆಸರೇ ಓದುತ್ತಿಲ್ಲ ಎಂದು ಗೊತ್ತಾಗುತ್ತದೆ.

ಎಚ್ಚರಿಕೆಯ ಸದ್ದಿಲ್ಲ, ದೋಷದ ಸಂದೇಶವಿಲ್ಲ. ಕಂಪ್ಯೂಟರಿನ ದೃಷ್ಟಿಯಲ್ಲಿ ಇಲ್ಲಿ ತಪ್ಪೇ ನಡೆದಿಲ್ಲ. ಕೀ ಒತ್ತಿದಾಗ ಎನ್‌ವಿಡಿಎ ಅದಕ್ಕೆ ಸ್ಕ್ರಿಪ್ಟ್ ಇದೆಯೇ ಎಂದು ಕ್ರಮವಾಗಿ ಹುಡುಕುತ್ತದೆ: ಮೊದಲು ಎಲ್ಲ ತಂತ್ರಾಂಶಗಳಲ್ಲೂ ನಡೆಯುವ ಗ್ಲೋಬಲ್ ಪ್ಲಗಿನ್‌ಗಳು, ಆಮೇಲೆ ತೆರೆದಿರುವ ತಂತ್ರಾಂಶಕ್ಕಷ್ಟೇ ಸಲ್ಲುವ ಆ್ಯಪ್ ಮಾಡ್ಯೂಲ್, ಬಳಿಕ ವೆಬ್ ಪುಟದಂಥ ಕಡೆ ಬ್ರೌಸ್ ಮೋಡ್, ಆಮೇಲೆ ಫೋಕಸ್ ಇರುವ ವಸ್ತು (ಇಲ್ಲಿ ನಾವು ನಿಂತಿರುವ ಸೆಲ್), ಕೊನೆಗೆ ಎನ್‌ವಿಡಿಎಯ ಸಾಮಾನ್ಯ ಆಜ್ಞೆಗಳು. ಮೊದಲು ಸಿಕ್ಕಿದ್ದೇ ಓಡುತ್ತದೆ, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಸ್ಕ್ರಿಪ್ಟ್ ಇರುವುದು ಗ್ಲೋಬಲ್ ಪ್ಲಗಿನ್‌ನಲ್ಲಿ, ಶೀರ್ಷಿಕೆಯ ಆಜ್ಞೆ ಇರುವುದು ಫೋಕಸ್ ಇರುವ ವಸ್ತುವಿನ ಹಂತದಲ್ಲಿ. ಆದ್ದರಿಂದ ಸ್ಕ್ರಿಪ್ಟನ್ನು ಗ್ಲೋಬಲ್ ಪ್ಲಗಿನ್‌ನಿಂದ ಆ್ಯಪ್ ಮಾಡ್ಯೂಲ್‌ಗೆ ಸರಿಸಿದರೂ ಈ ಘರ್ಷಣೆ ಹೋಗದು, ಬೇರೆ ತಂತ್ರಾಂಶಗಳಷ್ಟೇ ಬಚಾವಾಗುತ್ತವೆ. ಕೀಯನ್ನೇ ಬದಲಿಸಬೇಕು. ಎರಡು ಗ್ಲೋಬಲ್ ಪ್ಲಗಿನ್‌ಗಳು ಒಂದೇ ಕೀ ಹಿಡಿದರೆ ಯಾವುದು ಗೆಲ್ಲುತ್ತದೆ ಎಂಬುದನ್ನು ನಂಬಿ ಏನನ್ನೂ ಕಟ್ಟಬಾರದು.

ಖಾಲಿ ಕೀ ಹುಡುಕುವಾಗ ಬಹುತೇಕರು ಎಡವುವುದು ಎಲ್ಲಿ ನಿಂತು ಹುಡುಕಿದರು ಎಂಬಲ್ಲಿ. ಎನ್‌ವಿಡಿಎ+1 ಒತ್ತಿ ಇನ್‌ಪುಟ್ ಹೆಲ್ಪ್ ಆರಂಭಿಸಿದರೆ, ಯಾವ ಕೀ ಒತ್ತಿದರೂ ಅದರ ಕೆಲಸವನ್ನು ಹೇಳುತ್ತದೆ, ಮಾಡುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ನಿಂತು ಎನ್‌ವಿಡಿಎ+ಶಿಫ್ಟ್+ಆರ್ ಕೇಳಿದರೆ ಶೀರ್ಷಿಕೆಯ ಸುದ್ದಿಯೇ ಬರುವುದಿಲ್ಲ. ಎಕ್ಸೆಲ್‌ನ ಸೆಲ್ ಒಳಗೆ, ನಮ್ಮ ಸ್ಕ್ರಿಪ್ಟ್ ಸೇರಿಸುವ ಮುಂಚೆ ಕೇಳಬೇಕು. ಆಜ್ಞೆಗಳ ಕೀಗಳನ್ನು ನೋಡಿ ಬದಲಿಸುವ ಇನ್‌ಪುಟ್ ಜೆಸ್ಚರ್ಸ್ ಕಿಟಕಿಯೂ ಹಾಗೆಯೇ: ಅದನ್ನು ತೆರೆಯುವ ಕ್ಷಣದಲ್ಲಿ ಎಲ್ಲಿದ್ದಿರೋ ಅಲ್ಲಿಗೆ ಸಲ್ಲುವ ಆಜ್ಞೆಗಳನ್ನಷ್ಟೇ ತೋರಿಸುತ್ತದೆ. ವಿವರಣೆ ಬರೆಯದ ಸ್ಕ್ರಿಪ್ಟ್ ಆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ, ಹಾಗಾಗಿ ಒಂದು ಸಾಲಿನ ವಿವರಣೆಯನ್ನು ಸೋಮಾರಿತನದಿಂದ ಬಿಡಬೇಡಿ.

ಎನ್‌ವಿಡಿಎಯಲ್ಲಿ ಕೀಬೋರ್ಡ್ ವಿನ್ಯಾಸ ಎರಡಿದೆ ಎಂಬುದೂ ನೆನಪಿರಲಿ. ಎನ್‌ವಿಡಿಎ+ಎಲ್ ಡೆಸ್ಕ್‌ಟಾಪ್ ವಿನ್ಯಾಸದಲ್ಲಿ ಖಾಲಿ ಎನಿಸಬಹುದು, ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಅದು ಈಗಿನ ಸಾಲನ್ನು ಓದಿಸುವ ಕೀ. ಮಿಲ್ಲಿನಲ್ಲಿ ಸರಿಯಿದ್ದದ್ದು ಮನೆಯ ಲ್ಯಾಪ್‌ಟಾಪ್‌ನಲ್ಲಿ ಕೆಡುವುದು ಹೀಗೆ. ಎರಡರಲ್ಲೂ ಪರೀಕ್ಷಿಸಿ.

ಕನ್ನಡ ಟೈಪಿಂಗ್ ಸೇರಿದರೆ ತೊಡಕು ಇನ್ನೊಂದು ಬಗೆಯದು. ಅಕ್ಷರದ ಕೀಗಳನ್ನು ಎನ್‌ವಿಡಿಎ ಇಂಗ್ಲಿಷ್ ಹೆಸರಿನಿಂದಲೇ ಗುರುತಿಸುತ್ತದೆ, ಕನ್ನಡ ವಿನ್ಯಾಸದಲ್ಲಿದ್ದರೂ ಆರ್ ಎಂದರೆ ಆರ್. ಚಿಹ್ನೆಗಳ ಕೀಗಳಿಗೆ ಈ ಭರವಸೆ ಇಲ್ಲ. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಸೆಮಿಕೋಲನ್ ಕೀ ಮೇಲೆ ಚ, ಅದರ ಪಕ್ಕದಲ್ಲಿ ಟ ಕೂತಿದೆ; ಭಾಷೆ ಬದಲಾದಾಗ ಅಂಥ ಕೀಯ ಹೆಸರೂ ಬದಲಾಗಬಹುದು. ಕಂಟ್ರೋಲ್+ಆಲ್ಟ್ ಜೋಡಿಯನ್ನೂ ಬಿಡುವುದು ಒಳ್ಳೆಯದು. ವಿಂಡೋಸ್ ಬಲಗಡೆಯ ಆಲ್ಟ್‌ಜಿಆರ್ ಕೀಯನ್ನು ಕಂಟ್ರೋಲ್+ಆಲ್ಟ್ ಎಂದೇ ಎಣಿಸುತ್ತದೆ, ಕೆಲವು ಅಕ್ಷರಗಳನ್ನು ಮೂಡಿಸಲು ಭಾರತೀಯ ಭಾಷೆಗಳ ವಿನ್ಯಾಸಗಳಿಗೆ ಅದು ಬೇಕು.

ಇನ್ನು, ಕೀ ಎನ್‌ವಿಡಿಎವರೆಗೆ ತಲುಪದೇ ಇದ್ದರೆ? ಸಾಮಾನ್ಯ ಸೆಟ್ಟಿಂಗ್ಸ್‌ನಲ್ಲಿ ಲಾಗ್ ಮಟ್ಟವನ್ನು ಇನ್‌ಪುಟ್/ಔಟ್‌ಪುಟ್ ಮಾಡಿ, ಕೀ ಒತ್ತಿ, ಎನ್‌ವಿಡಿಎ+ಎಫ್1ರಿಂದ ಲಾಗ್ ತೆರೆಯಿರಿ. ಒತ್ತಿದ ಕೀ ಅಲ್ಲಿ ದಾಖಲಾಗಿದ್ದರೆ ಜಗಳ ಒಳಗಿನದು. ಇಲ್ಲದಿದ್ದರೆ ಬೇರೆ ಯಾವುದೋ ತಂತ್ರಾಂಶ ದಾರಿಯಲ್ಲೇ ಅದನ್ನು ನುಂಗಿದೆ. ಎನ್‌ವಿಡಿಎ ವಿಂಡೋಸ್‌ನ ಕೀಬೋರ್ಡ್ ಹುಕ್ (ಒತ್ತಿದ ಕೀಯನ್ನು ದಾರಿಯಲ್ಲೇ ಹಿಡಿಯುವ ಕೊಕ್ಕೆ) ಮೂಲಕ ಕೀ ಹಿಡಿಯುತ್ತದೆ. ಇಂಥ ಹುಕ್‌ಗಳಲ್ಲಿ ಕೊನೆಗೆ ಸೇರಿದ್ದಕ್ಕೆ ಮೊದಲ ಸರದಿ. ಭಾಷೆ ಬದಲಿಸಲು ಫಂಕ್ಷನ್ ಕೀ ಬಳಸುವ ಟೈಪಿಂಗ್ ತಂತ್ರಾಂಶವೂ ಹುಕ್ ಹಾಕುತ್ತಿದ್ದು, ಎನ್‌ವಿಡಿಎ ಆದ ಮೇಲೆ ಶುರುವಾದರೆ, ಕೀ ಮೊದಲು ಅದರ ಕೈಗೆ ಹೋಗುತ್ತದೆ. ಕಂಟ್ರೋಲ್+ಆಲ್ಟ್+ಎನ್ ಒತ್ತಿ ಎನ್‌ವಿಡಿಎಯನ್ನು ಮತ್ತೆ ಆರಂಭಿಸಿದರೆ ಸರದಿ ತಿರುಗುತ್ತದೆ. ಬೆಳಿಗ್ಗೆ ಕೆಟ್ಟದ್ದು ಮಧ್ಯಾಹ್ನ ತಾನೇ ಸರಿಯಾಯಿತು ಎನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ತಂತ್ರಾಂಶ ತಾನೇ ಬಳಸುವ ಎಫ್5ರಂಥ ಕೀ ಮೇಲೆ ಸ್ಕ್ರಿಪ್ಟ್ ಕೂರಿಸಲೇಬೇಕಾದಾಗ, ಸ್ಕ್ರಿಪ್ಟಿನೊಳಗೆ ಜೆಸ್ಚರ್ ಡಾಟ್ ಸೆಂಡ್ ಕರೆದು ಕೀಯನ್ನು ತಂತ್ರಾಂಶಕ್ಕೂ ದಾಟಿಸಬೇಕು. ದಾಟಿಸಿದ ಕೂಡಲೇ ಓದಿದರೆ ಹಳೆಯ ಅಂಕಿಯೇ ಕೇಳುವ ಅಪಾಯವಿದೆ, ಓದುವುದನ್ನು ನೂರಿನ್ನೂರು ಮಿಲಿಸೆಕೆಂಡ್ ಮುಂದೂಡಿ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್‌ನಲ್ಲಿ ಕೀ ದಾಟಿಸುವ ಈ ಕೆಲಸಕ್ಕೆ ಟೈಪ್ ಕರೆಂಟ್ ಸ್ಕ್ರಿಪ್ಟ್ ಕೀ ಎಂಬ ಫಂಕ್ಷನ್ ಇದೆ. ಒಮ್ಮೆ ಮಾತ್ರ ದಾಟಿಸಬೇಕಾದರೆ ಬಳಕೆದಾರರಿಗೆ ಎನ್‌ವಿಡಿಎ+ಎಫ್2 ಸಾಕು, ಅದರ ನಂತರ ಒತ್ತಿದ ಕೀ ನೇರ ತಂತ್ರಾಂಶಕ್ಕೆ ಹೋಗುತ್ತದೆ.

ಆಜ್ಞೆಗಳು ಹತ್ತು ಹನ್ನೆರಡಾದರೆ ಪ್ರತಿಯೊಂದಕ್ಕೂ ಖಾಲಿ ಜೋಡಿ ಹುಡುಕುವುದು ವ್ಯರ್ಥ. ಪ್ರವೇಶಕ್ಕೆ ಒಂದೇ ಕೀ ಇಟ್ಟು, ಅದಾದ ಮೇಲೆ ಒಂಟಿ ಅಕ್ಷರ: ಚೀಲಕ್ಕೆ ಸಿ, ತೂಕಕ್ಕೆ ಟಿ. ಒಂಟಿ ಅಕ್ಷರಗಳನ್ನು ಬೈಂಡ್ ಜೆಸ್ಚರ್ಸ್ ಎಂಬ ಫಂಕ್ಷನ್‌ನಿಂದ ಕಟ್ಟಿ, ಕೆಲಸ ಮುಗಿದಾಗ ಕ್ಲಿಯರ್ ಜೆಸ್ಚರ್ ಬೈಂಡಿಂಗ್ಸ್‌ನಿಂದ ಬಿಚ್ಚುತ್ತಾರೆ. ಬಿಚ್ಚುವಾಗ ಪ್ರವೇಶದ ಕೀ ಕೂಡ ಅಳಿದುಹೋಗುತ್ತದೆ, ಮೂಲ ಕೀಗಳನ್ನು ಮತ್ತೆ ಕಟ್ಟದಿದ್ದರೆ ಎರಡನೇ ಸಲ ಏನೂ ಆಗುವುದಿಲ್ಲ. ಗೊತ್ತಿಲ್ಲದ ಅಕ್ಷರ ಒತ್ತಿದರೆ ಬೀಪ್ ಮಾಡಿ ಹೊರಬರುವಂತೆಯೂ ಇರಬೇಕು. ಇಲ್ಲದಿದ್ದರೆ ಸೆಲ್‌ನಲ್ಲಿ ಬರೆಯಬೇಕಾದ ಸಿ ಅಕ್ಷರ ಚೀಲದ ಲೆಕ್ಕ ಹೇಳಿಬಿಡುತ್ತದೆ.

ಅಪರೂಪದ ಆಜ್ಞೆಗಳಿಗೆ ಕೀ ಕೊಡದೆ ಬಿಡುವುದೇ ನನ್ನ ಮಟ್ಟಿಗೆ ಉತ್ತಮ. ಬೇಕಾದವರು ಇನ್‌ಪುಟ್ ಜೆಸ್ಚರ್ಸ್‌ನಲ್ಲಿ ತಮಗೆ ಒಗ್ಗುವುದನ್ನು ಸೇರಿಸಿಕೊಳ್ಳುತ್ತಾರೆ. ಅವರ ಆಯ್ಕೆ ಜೆಸ್ಚರ್ಸ್ ಡಾಟ್ ಐಎನ್‌ಐ ಫೈಲಿನಲ್ಲಿ ಸ್ಕ್ರಿಪ್ಟಿನ ಹೆಸರಿನೊಂದಿಗೆ ಉಳಿಯುತ್ತದೆ, ಹಾಗಾಗಿ ಮುಂದಿನ ಆವೃತ್ತಿಯಲ್ಲಿ ಫಂಕ್ಷನ್ನಿನ ಹೆಸರನ್ನಾಗಲಿ ಕ್ಲಾಸಿನ ಹೆಸರನ್ನಾಗಲಿ ಬದಲಿಸಬೇಡಿ.