ಬಾಳೆಗೊನೆ ಬಿಟ್ಟ ನೋಟು

ಹತ್ತು ಡಾಲರಿನ ಆ ನೋಟಿನ ಮೇಲೆ ರಾಜನಿಲ್ಲ, ರಾಣಿಯಿಲ್ಲ. ಗೊನೆ ಬಿಟ್ಟ ಬಾಳೆಗಿಡವಿದೆ. 1942ರಲ್ಲಿ, ಬ್ರಿಟಿಷರ ಕೈಯಲ್ಲಿದ್ದ ಮಲಯವನ್ನು (ಇಂದಿನ ಮಲೇಷ್ಯಾದ ಒಂದು ಭಾಗ) ಗೆದ್ದ ಜಪಾನ್ ಅಲ್ಲಿ ಚಲಾವಣೆಗೆ ಬಿಟ್ಟ ಈ ನೋಟನ್ನು ಜನ ಬಾಳೆಹಣ ಎಂದೇ ಕರೆದರು. (ಬಾಳೆಹಣ್ಣಿಗಿಂತ ಒಂದು ಒತ್ತಕ್ಷರ ಕಡಿಮೆ, ಬೆಲೆಯೂ ಕೊನೆಗೆ ಹಾಗೆಯೇ ಆಯಿತು.) ಏಷ್ಯಾವನ್ನು ಬಿಳಿಯರಿಂದ ಬಿಡಿಸುತ್ತೇವೆಂದು ಹೊರಟವರು, ಕೇಳಿದಾಗ ಹಣ ಕೊಡುತ್ತೇವೆಂಬ ಮಾತನ್ನು ನೋಟಿನ ಮೇಲೆ ಇಂಗ್ಲಿಷಿನಲ್ಲೇ ಅಚ್ಚು ಹಾಕಿದ್ದರು.

ಆ ಬಿಡುಗಡೆಯ ಮಾತಿಗೆಂದೇ ಟೋಕಿಯೊದಲ್ಲಿ ಒಂದು ಕಚೇರಿ ಇತ್ತು. 1942ರ ನವೆಂಬರ್ 1ರಂದು ಹುಟ್ಟಿದ ಮಹಾ ಪೂರ್ವ ಏಷ್ಯಾ ಸಚಿವಾಲಯ ಅದು. ತನ್ನ ಖಾತೆಯ ಕೆಲಸವನ್ನು ಕಿತ್ತುಕೊಳ್ಳುತ್ತಾರೆಂದು ಸಿಟ್ಟಾದ ವಿದೇಶಾಂಗ ಸಚಿವ ತೋಗೊ ಶಿಗೆನೊರಿ ಅದಕ್ಕೂ ಮೊದಲೇ ರಾಜೀನಾಮೆ ಕೊಟ್ಟಿದ್ದರು. ಹೊಸ ಖಾತೆ ಹೋದದ್ದು ಹಿಂದೆ ಹಣಕಾಸು ಸಚಿವರಾಗಿದ್ದ ಆವೊಕಿ ಕಜುವೊ ಅವರಿಗೆ. ಹೆಸರೇನೋ ದೊಡ್ಡದು, ಆದರೆ ಮಲಯ, ಜಾವಾಗಳಲ್ಲಿ ಆಡಳಿತ ಸೇನೆಯ ಕೈಯಲ್ಲೇ ಉಳಿಯಿತು. 1943ರ ನವೆಂಬರಿನಲ್ಲಿ ಟೋಕಿಯೊದಲ್ಲಿ ನಡೆದ ಸಮ್ಮೇಳನ ಪರಸ್ಪರ ಸಹಕಾರದ ಆರ್ಥಿಕತೆಯನ್ನು ಘೋಷಿಸಿತು. ವೀಕ್ಷಕರಾಗಿ ಸುಭಾಷಚಂದ್ರ ಬೋಸರೂ ಅಲ್ಲಿದ್ದರು. ಮಲಯದ ಅಂಗಡಿಯಲ್ಲಿ ಮಾತ್ರ ಲೆಕ್ಕ ಬೇರೆಯೇ ಇತ್ತು.

ಆ ಲೆಕ್ಕವನ್ನು ಒಂದು ಕಾಲ್ಪನಿಕ ಸಂತೆಯಲ್ಲಿ ಮಾಡಿ ನೋಡೋಣ. ಹತ್ತು ಸೇರು ಅಕ್ಕಿ ಇದೆ, ಕೊಳ್ಳುವವರ ಬಳಿ ಒಟ್ಟು ನೂರು ರೂಪಾಯಿ ಇದೆ. ಸೇರಿಗೆ ಹತ್ತು ರೂಪಾಯಿ. ಇನ್ನೂರು ರೂಪಾಯಿ ಬಂದು ಅಕ್ಕಿ ಐದೇ ಸೇರಾದರೆ? ನಲವತ್ತು. ಇಲ್ಲಿಗೇ ನಿಂತರೂ ಸರಿ. ನಾಳೆ ಬೆಲೆ ಇನ್ನೂ ಏರುತ್ತದೆಂದು ಗೊತ್ತಾದ ಮನುಷ್ಯ ನೋಟನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಕೈಗೆ ಬಂದ ಕೂಡಲೇ ಸಿಕ್ಕಿದ್ದನ್ನು ಕೊಂಡುಬಿಡುತ್ತಾನೆ. ಒಂದೇ ನೋಟು ದಿನಕ್ಕೆ ಎರಡು ಕೈ ಬದಲಾಯಿಸಿದರೆ ಎರಡು ನೋಟಿದ್ದಂತೆಯೇ. ಹಣದ ಮೊತ್ತದ ಜೊತೆ ಅದರ ಓಟವನ್ನೂ ಅರ್ಥಶಾಸ್ತ್ರ ಲೆಕ್ಕಕ್ಕೆ ಹಿಡಿಯುವುದು ಇದಕ್ಕಾಗಿ.

ನೋಟು ಹೆಚ್ಚುವುದು, ಸರಕು ಕಡಿಮೆಯಾಗುವುದು, ನೋಟು ಬೇಗ ಬೇಗ ಕೈ ಬದಲಾಯಿಸುವುದು: ಮಲಯದಲ್ಲಿ ಈ ಮೂರೂ ಒಟ್ಟಿಗೆ ನಡೆದವು. ಮೊದಲ ಕಂತಿನ ನೋಟುಗಳಿಗೆ ಕ್ರಮಸಂಖ್ಯೆ ಇತ್ತು. ಆಮೇಲಿನವುಗಳಲ್ಲಿ ಅಕ್ಷರಗಳು ಮಾತ್ರ. ಮಲಯಕ್ಕೆ ಎಂ, ಬರ್ಮಾದ ರೂಪಾಯಿಗೆ ಬಿ, ಫಿಲಿಪೀನ್ಸಿನ ಪೆಸೊಗೆ ಪಿ. ಎಣಿಸುವ ಗೊಡವೆಯನ್ನೇ ಬಿಟ್ಟ ಮುದ್ರಣಾಲಯವನ್ನು ನಂಬುವವರು ಯಾರು? ಇತ್ತ, ರಬ್ಬರು ತೋಟಗಳ ನಾಡಾದ ಮಲಯ ತಾನು ಉಣ್ಣುವ ಅಕ್ಕಿಯ ಬಹುಪಾಲನ್ನು ಬರ್ಮಾ, ಥಾಯ್ಲೆಂಡ್‌ಗಳಿಂದ ತರಿಸುತ್ತಿತ್ತು. ಜಪಾನಿನ ಹಡಗುಗಳನ್ನು ಅಮೆರಿಕದ ಜಲಾಂತರ್ಗಾಮಿಗಳು ಮುಳುಗಿಸುತ್ತ ಹೋದಂತೆ ಅಕ್ಕಿ ಬರುವ ದಾರಿ ಕಟ್ಟಿತು. ಬರ್ಮಾದಲ್ಲಿ ಬೆಳೆದದ್ದಕ್ಕೆ ಗಿರಾಕಿಯಿಲ್ಲ, ಮಲಯದಲ್ಲಿ ಅನ್ನದ ಬದಲು ಮರಗೆಣಸು. ರಬ್ಬರನ್ನು ತಿನ್ನಲಾದೀತೇ?

ಜಪಾನ್ ಸೋತ ಮೇಲೆ, 1945ರ ಆಗಸ್ಟ್ 26ರಂದು ಟೋಕಿಯೊದ ಆ ಸಚಿವಾಲಯ ಬಾಗಿಲು ಹಾಕಿತು. ಮರಳಿ ಬಂದ ಬ್ರಿಟಿಷರು ಬಾಳೆಹಣವನ್ನು ಮಾನ್ಯ ಮಾಡಲಿಲ್ಲ. ಪೆಟ್ಟಿಗೆಗಟ್ಟಲೆ ಉಳಿತಾಯ ರದ್ದಿಯಾಯಿತು. ಆದರೆ ಆ ನೋಟಿನಲ್ಲೇ ತೀರಿಸಿದ ಸಾಲ ತೀರಿತೇ, ಉಳಿಯಿತೇ? ಈ ಜಗಳ ಬಿಡಿಸಲು ಮುಂದೆ ಕಾನೂನೇ ಬೇಕಾಯಿತು. ಯುದ್ಧ ಸಾಗಿದಂತೆ ಬಾಳೆಹಣದ ಬೆಲೆ ಎಷ್ಟೆಷ್ಟು ಇಳಿಯಿತೆಂಬ ಕೋಷ್ಟಕವೊಂದನ್ನು ಅದಕ್ಕೆ ಲಗತ್ತಿಸಿದ್ದರು.