ಎಲ್ಲರೂ ಒಂದೇ ಥರ ಇರುವ ಪೋಲೆಂಡಿನಲ್ಲಿ ಜಗಳ ಯಾಕೆ?

ಓದುಗರ ಪ್ರಶ್ನೆ: ಪೋಲೆಂಡಿನಲ್ಲಿ ಹೆಚ್ಚುಕಮ್ಮಿ ಎಲ್ಲರ ಭಾಷೆಯೂ ಒಂದೇ, ಧರ್ಮವೂ ಒಂದೇ. ಆದರೂ ‘ನಿಜವಾದ ಪೋಲೆಂಡ್ ಯಾವುದು’ ಅಂತ ಅಷ್ಟೊಂದು ಕಿತ್ತಾಟ ಯಾಕೆ?

ಉತ್ತರ: ಈ ‘ಎಲ್ಲರೂ ಒಂದೇ’ ಅನ್ನುವುದು ಅಲ್ಲಿ ಹಳೆಯ ಕಥೆಯೇನಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲು ಆ ದೇಶದ ಸುಮಾರು ಮೂರನೇ ಒಂದು ಪಾಲು ಜನ ಯಹೂದಿಗಳು, ಉಕ್ರೇನಿಯನ್ನರು, ಬೆಲರೂಸಿಗಳು, ಜರ್ಮನ್ನರು. ಯಹೂದಿಗಳಲ್ಲಿ ಬಹುಪಾಲು ಮಂದಿಯನ್ನು ನಾಜಿಗಳು ಕೊಂದರು. 1945ರಲ್ಲಿ ಗಡಿಯೇ ಪಶ್ಚಿಮಕ್ಕೆ ಸರಿಯಿತು; ಉಕ್ರೇನಿಯನ್ನರು, ಬೆಲರೂಸಿಗಳು ಹೆಚ್ಚಾಗಿದ್ದ ಪೂರ್ವಭಾಗ ಸೋವಿಯತ್ ಒಕ್ಕೂಟಕ್ಕೆ ಹೋಯಿತು, ಜರ್ಮನ್ನರನ್ನು ಹೊರಹಾಕಿದರು. ಕೊನೆಗೆ ಉಳಿದದ್ದು ಕ್ಯಾಥೊಲಿಕ್ ಪೋಲೆಂಡ್. ಅದೇ ನಿಜವಾದ ಪೋಲೆಂಡ್ ಅನ್ನುವವರು ಸಂಪ್ರದಾಯದವರು, ಒಪ್ಪದವರು ಉದಾರವಾದಿಗಳು.

ಹಾಗಂತ ಸಂಪ್ರದಾಯದವರ ಚರ್ಚ್ ಅಭಿಮಾನವನ್ನು ಸುಮ್ನೆ ಮೂಢತನ ಅಂದುಬಿಡುವಂತಿಲ್ಲ. 1795ರಿಂದ 1918ರವರೆಗೆ, 123 ವರ್ಷ, ಪೋಲೆಂಡ್ ಭೂಪಟದಲ್ಲೇ ಇರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಅದನ್ನು ಹಂಚಿಕೊಂಡಿದ್ದವು. ಆಗ ಜನರನ್ನು ಹಿಡಿದಿಟ್ಟದ್ದು ಅವರ ಭಾಷೆ ಮತ್ತು ಚರ್ಚು. ಕಮ್ಯುನಿಸ್ಟರ ಕಾಲದಲ್ಲೂ ಚರ್ಚೇ ಆಸರೆ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ತವರಿಗೆ ಬಂದಾಗ ಲಕ್ಷಾಂತರ ಜನ ಸೇರಿದ್ದರು. ‘ಪೋಲಾಕ್-ಕಾಟೋಲಿಕ್’, ಅಂದರೆ ಪೋಲೆಂಡಿನವನು ಅಂದ್ರೆ ಕ್ಯಾಥೊಲಿಕ್, ಎಂಬ ಜೋಡಿಪದವೇ ಅಲ್ಲಿದೆ.

ಉದಾರವಾದಿಗಳ ಕೈಯಲ್ಲಿರುವುದು 1997ರ ಸಂವಿಧಾನ. ದೇವರನ್ನು ನಂಬುವವರೂ ನಂಬದವರೂ ಸೇರಿ ಎಲ್ಲ ಪ್ರಜೆಗಳೂ ಪೋಲಿಷ್ ರಾಷ್ಟ್ರವೇ ಎಂದು ಅದರ ಪೀಠಿಕೆ ಹೇಳುತ್ತದೆ.

ಗರ್ಭಪಾತ, ಸಲಿಂಗಿಗಳ ಹಕ್ಕು ಇವೆಲ್ಲ ಬೀದಿಗೆ ಬಂದ ಜಗಳಗಳು. ಆದರೆ ಬೇರು ಕಾಣಬೇಕಾದರೆ ಗ್ದಾನ್ಸ್ಕ್ ನಗರದ ಎರಡನೇ ಮಹಾಯುದ್ಧದ ಮ್ಯೂಸಿಯಂ ನೋಡಬೇಕು. ಅದು ತೆರೆದದ್ದು 2017ರಲ್ಲಿ. ಯುದ್ಧದಲ್ಲಿ ಬೇರೆ ಬೇರೆ ದೇಶಗಳ ಸಾಮಾನ್ಯ ಜನ ಪಟ್ಟ ಪಾಡನ್ನು ತೋರಿಸುವುದು ಅದನ್ನು ಕಟ್ಟಿದ ಇತಿಹಾಸಕಾರರ ಆಸೆ. ಆಗಿನ, ಸಂಪ್ರದಾಯದವರ ‘ಕಾನೂನು ಮತ್ತು ನ್ಯಾಯ’ ಪಕ್ಷದ ಸರ್ಕಾರಕ್ಕೆ ಅದು ಸರಿಬರಲಿಲ್ಲ. ನಮ್ಮವರ ಶೌರ್ಯ ಎಲ್ಲಿ ಅಂತ ತಕರಾರು. ತೆರೆದು ಕೆಲವೇ ವಾರಕ್ಕೆ ನಿರ್ದೇಶಕರು ಹೊರಗೆ. ಹೊಸಬರು ಬಂದು ಪ್ರದರ್ಶನ ಬದಲಿಸಿದರು, ಹಳಬರು ಕೋರ್ಟಿಗೆ ಹೋದರು. ಸರ್ಕಾರ ಬದಲಾದ ಮೇಲೆ, 2024ರಲ್ಲಿ, ನಾಜಿಗಳ ಸೆರೆಶಿಬಿರ ಔಶ್ವಿಟ್ಸ್‌ನಲ್ಲಿ ಇನ್ನೊಬ್ಬ ಕೈದಿಯ ಬದಲು ತಾನು ಸತ್ತ ಪಾದ್ರಿ ಮ್ಯಾಕ್ಸಿಮಿಲಿಯನ್ ಕೋಲ್ಬೆಯ ಫಲಕ ತೆಗೆದರು. ಮತ್ತೆ ಗಲಾಟೆ. ಈ ಸಲ ಕೂಗಿದ್ದು ಸಂಪ್ರದಾಯದವರು, ಅಷ್ಟೇ.

2017ರಲ್ಲಿ ಆ ಕುರ್ಚಿಗೆ ಬಂದ ಹೊಸ ನಿರ್ದೇಶಕರ ಹೆಸರು ಕರೋಲ್ ನವ್ರೋಟ್ಸ್ಕಿ. 2025ರ ಅಧ್ಯಕ್ಷ ಚುನಾವಣೆಯಲ್ಲಿ ವಾರ್ಸಾದ ಉದಾರವಾದಿ ಮೇಯರ್‌ನನ್ನು ಸೋಲಿಸಿದ್ದು ಅವರೇ. ಅವರಿಗೆ ಬಿದ್ದ ಮತ ಶೇಕಡಾ 50.89.